ನಾಲ್ಕು ಅಂಕದ ಪ್ರಶ್ನೆ

ಕತೆ ಬರೀ ಮೂರೂವರೆ ಪುಟ.
ಹತ್ತೊಂಬತ್ತು ವರ್ಷದಿಂದ ಕಲಿಸುತ್ತಿದ್ದೇನೆ,
ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯೇನು:
ಒಬ್ಬಳು ನೆರೆಮನೆಯಿಂದ ಸೇರು ಅಕ್ಕಿ ಕಡ ತಂದಿದ್ದಳು.
ಹನ್ನೊಂದು ವರ್ಷದ ಮೇಲೆ, ಅದೇ ಸೇರಲ್ಲಿ
ಗೋಪುರ ಏಳುವಂತೆ ತುಂಬಿ
ಎರಡೂ ಕೈಯಲ್ಲಿ ಹಿಡಿದು ಹೊರಡುತ್ತಾಳೆ.
ಬಾಗಿಲ ಮುಂದೆ ನಿಲ್ಲುತ್ತಾಳೆ, ತುಂಬ ಹೊತ್ತು.
ತಟ್ಟುವುದಿಲ್ಲ.
ತಿರುಗಿ ಬರುತ್ತಾಳೆ.

ತಟ್ಟಲಿಲ್ಲವೇಕೆ? ನಾಲ್ಕು ಅಂಕ.
ಸ್ವಾಭಿಮಾನ, ಸಂಕೋಚ, ಪಶ್ಚಾತ್ತಾಪ, ಕಾಲದ ಅಂತರ,
ತಲಾ ಒಂದೊಂದು.
ಬೋರ್ಡಿನ ಮೇಲೆ ನಾನೇ ಬರೆದು
ಒಂದು ಕೊಂಬೂ ತಪ್ಪದಂತೆ ಇಳಿಸಿಕೊಳ್ಳಿ ಅನ್ನುತ್ತಿದ್ದೆ.

ಈ ಸಲ ಗಂಟಲು ಕಟ್ಟಿತ್ತು.
ದಾವಣಗೆರೆಯ ಭಟ್ಟಿ ಓಣಿಯ ಬೆನ್ನಿಗೆ ನಮ್ಮ ಶಾಲೆ,
ಮಂಡಕ್ಕಿ ಹುರಿಯುವ ಹೊಗೆ
ಪ್ರಾರ್ಥನೆಗೂ ಮುಂಚೆ ಬಂದು ಸಾಲಲ್ಲಿ ನಿಲ್ಲುತ್ತದೆ.
ಧ್ವನಿಯಿಲ್ಲದ ಟೀಚರು ಏನು ಮಾಡಿಯಾಳು?
ಕೊನೆಯ ಪುಟಕ್ಕೆ ಗುಂಡುಪಿನ್ನು ಚುಚ್ಚಿಸಿ
ಸೀಮೆಸುಣ್ಣದಲ್ಲಿ ಬರೆದೆ:
ಬಾಗಿಲ ಮುಂದೆ ನಿಂತಿದ್ದಾಳೆ. ಮುಂದಿನದು ನಿಮ್ಮದು.

ಒಂಬತ್ತನೇ ಬಿ. ನಲವತ್ತೊಂದು ಮಕ್ಕಳು.
ಅಂಜಿನಪ್ಪ ಹನ್ನೊಂದು ವರ್ಷದ ಬಡ್ಡಿ ಹಾಕಿ
ಸೇರು ಸಾಲದು, ಚೀಲವೇ ತರಬೇಕಿತ್ತು ಎಂದು ಬರೆದ.
ಗಂಗೋತ್ರಿ ಸೇರಿನ ಬಾಯಲ್ಲೇ ಕತೆ ಹೇಳಿಸಿದಳು,
ಅದಕ್ಕೆ ತನ್ನ ಹಳೆಯ ಗೂಡು ನೆನಪಾಗಿ ಅಳು ಬಂತಂತೆ.
ಇಬ್ಬರು ಒಬ್ಬರದನ್ನೊಬ್ಬರು ನೋಡಿ ಬರೆದು
ಒಂದೇ ಜಾಗದಲ್ಲಿ ಕಾಗುಣಿತ ತಪ್ಪಿದ್ದರು.
ಕೊಟ್ರೇಶನದು ಒಂದೂವರೆ ಸಾಲು:
'ಬೀಗ ಹಾಕಿತ್ತು. ನಮ್ಮ ಕಡೆ ಹನ್ನೊಂದು ವರ್ಷ
ಯಾರೂ ಒಂದೇ ಬಾಡಿಗೆ ಮನೇಲಿ ಇರಲ್ಲ ಟೀಚರ್.'

ಮುಬೀನಾಳ ಹಾಳೆಯ ಅಂಚಲ್ಲಿ ಮಸಿಯ ಹೆಬ್ಬೆರಳು.
ಬೆಳಗಿನ ಜಾವ ಅವಳೂ ತಾಯಿಯ ಜೊತೆ
ಕಾದ ಉಸುಕು ಜರಡಿ ಹಿಡಿದು ಬರುತ್ತಾಳೆ.
'ಎರಡೂ ಕೈಯಲ್ಲಿ ಸೇರೈತಿ, ಹೆಂಗೆ ತಟ್ಟಬೇಕು?
ಕಾಲಲ್ಲಿ ತಟ್ಟಿದರೆ ಒದ್ದಂಗಾಗತೈತಿ.
ಅದಕ್ಕೆ ಹೆಸರು ಹಿಡಿದು ಕೂಗಿದಳು.'

ಓದಿ, ಪುಸ್ತಕ ತೆಗೆದು ನೋಡಿದೆ.
ಎರಡೂ ಕೈಯಲ್ಲಿ. ಮೂರನೆಯ ಪುಟ, ಆರನೆಯ ಸಾಲು.
ಹತ್ತೊಂಬತ್ತು ವರ್ಷ ಅದರ ಮೇಲೆ
ಬೆರಳಿಟ್ಟು ಓದಿದ್ದೇನೆ,
ಸ್ವಾಭಿಮಾನದ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ,
ಅವಳಿಗೆ ಬಿಡುವಾದ ಕೈಯಿಲ್ಲ ಅನ್ನುವುದು
ಕಂಡಿರಲೇ ಇಲ್ಲ.

ಮರುದಿನ ಪಿನ್ನು ಕಿತ್ತೆವು. ಅಂತ್ಯ ಓದಿದೆವು.
ನಿನ್ನೆ ಏನಂದುಕೊಂಡಿರಿ, ಇವತ್ತೇನು? ಮತ್ತೆ ಬರೆಯಿರಿ ಅಂದೆ.
'ಕಟ್ಟೆ ಮೇಲೆ ಇಟ್ಟು ತಟ್ಟಬಹುದಿತ್ತಲ್ಲ' ಎಂದ ಅಂಜಿನಪ್ಪ.
'ಕೊಡಾಕೆ ತಂದಿದ್ದನ್ನ ಕೆಳಗಿಡ್ತಾರೇನು'
ಮುಬೀನಾ ತಲೆಯೆತ್ತದೆ ಅಂದಳು, ಬರೆಯುತ್ತಲೇ ಇದ್ದಳು.
ಸಂಜೆ ನೋಡಿದೆ:
'ಕೂಗಿದಳು ಅಂದಿದ್ದೆ. ಕೂಗಿಲ್ಲ.
ಹನ್ನೊಂದು ವರ್ಷ ಮಾತು ಬಿಟ್ಟರೆ
ಹೆಸರು ಬಾಯಿಗೆ ಬರಲ್ಲ ಅನ್ನೋದು ನಾನು ಮರೆತಿದ್ದೆ.
ಒಳಗಿನವರು ನೀರು ಚೆಲ್ಲಾಕಾದರೂ
ಬಾಗಿಲು ತೆಗೀಬಹುದಿತ್ತು.'

ಹಿಂದಿನ ಬೆಂಚಿನಿಂದ ಯಾರೋ: 'ಟೀಚರ್, ನೀವು ಬರೆದಿರಾ?'
ಬರೆದೆ. ಎರಡು ಸಾಲು. ಓದಿ ತೋರಿಸಲಿಲ್ಲ.
ಅದರಲ್ಲಿ ಒಂದು ಹೆಸರಿತ್ತು,
ಬರೆಯುವಾಗ ಒತ್ತಕ್ಷರ ತಪ್ಪಿ ಮತ್ತೆ ತಿದ್ದಿದ ಹೆಸರು.

ನಾಲ್ಕರ ಚೌಕ ಈಗಲೂ ಖಾಲಿ.
ಹೆಡ್‌ಮಾಸ್ಟರು ಎರಡು ಸಲ ಕೇಳಿ ಕಳಿಸಿದರು.

ಕೊಟ್ರೇಶ ಮಾತ್ರ ಜಗ್ಗಲಿಲ್ಲ,
ಎರಡನೆಯ ಹಾಳೆಯಲ್ಲೂ ಬೀಗವೇ.
ಕತೆ ಬರೆದವರು ಸರಿಯಾಗಿ ನೋಡಿಲ್ಲ ಎಂದು
ಕೆಳಗೊಂದು ಸೂಚನೆ ಬೇರೆ.
ನಕ್ಕಿದ್ದೆ.

ಜೂನಿನಲ್ಲಿ ಅವನ ಟಿ.ಸಿ. ಒಯ್ಯಲು
ಅವನಪ್ಪ ಬಂದಿದ್ದರು.
ಮನೆ ಖಾಲಿ ಮಾಡಿದರಂತೆ, ಹರಿಹರದ ಕಡೆಗೆ.
ನಿಮ್ಮ ಹತ್ತಿರ ಇವನ ನೋಟ್‌ಬುಕ್ ಒಂದಿದೆಯಂತೆ ಅಂದರು.
ಕಪಾಟು ಪೂರ್ತಿ ಹುಡುಕಿದೆ, ಸಿಗಲಿಲ್ಲ.
ಸಿಕ್ಕಾಗ ತಲುಪಿಸುತ್ತೇನೆ ಅಂದೆ.